ಕೊನೆಗೆ ಉಣ್ಣುವವರು

2022ರಲ್ಲಿ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಬರೆದುಕೊಟ್ಟ ಒಂದು ಹಾಳೆ ಇನ್ನೂ ನನ್ನ ಬೀರುವಿನಲ್ಲಿದೆ. ನೋಟ್‌ಬುಕ್ಕಿನಿಂದ ಹರಿದ ಗೆರೆಹಾಳೆ. ಮೇಲೆ ನಾನು ಬರೆಸಿದ ತಲೆಬರಹ: ‘ನಿನ್ನೆ ನಾನು ಏನು ಉಂಡೆ?’ ಕೆಳಗೆ ಅವಳ ದುಂಡನೆಯ ಅಕ್ಷರ.

ಬೆಳಿಗ್ಗೆ ಚಹಾ, ಚುರುಮರಿ. ಮಧ್ಯಾಹ್ನ ಸಾಲ್ಯಾಗ ಅನ್ನ ಸಾರು. ಸಂಜಿಕೆ ಚಹಾ. ರಾತ್ರಿ ಒಂದು ರೊಟ್ಟಿ, ಖಾರ.

“ಪಲ್ಯ ಮಾಡಿರಲಿಲ್ವಾ?” ಅಂತ ಕೇಳಿದೆ.

“ಮಾಡಿದ್ರೀ. ನಾವು ಉಣ್ಣಾಕ ಕುಂತಾಗ ಮುಗದಿತ್ರೀ.”

ಬೇಜಾರಿನಿಂದ ಹೇಳಿದ ಮಾತಲ್ಲ ಅದು. ಮಳೆ ಬಂತು, ಬಸ್ಸು ಹೋಯಿತು ಅನ್ನುವ ಹಾಗೆ ಹೇಳಿದಳು. ಹಾಳೆ ಕೊಟ್ಟು ಬೆಂಚಿಗೆ ಹೋಗಿ ಕೂತಳು. ನಾನು ಉಳಿದ ಹಾಳೆಗಳನ್ನು ತಿರುವಿ ನೋಡಿದೆ. ಇಪ್ಪತ್ತಾರು ಹುಡುಗಿಯರು. ರಾತ್ರಿಯ ಊಟದ ಸಾಲಿನಲ್ಲಿ ಪಲ್ಯ ಅಂತ ಬರೆದವರು ಹತ್ತು ಜನವೂ ಇರಲಿಲ್ಲ. ಹಾಲು, ಮೊಸರು ಬರೆದವರನ್ನು ಬೆರಳಲ್ಲಿ ಎಣಿಸಬಹುದಿತ್ತು. ಹಣ್ಣು ಅಂತ ಬರೆದವಳು ಒಬ್ಬಳೇ. ಅವಳ ಮನೆಯ ಹಿಂದೆ ಪೇರಲ ಗಿಡ ಇತ್ತು.

ಅದಕ್ಕೂ ಮುಂಚೆ ಅದೇ ತರಗತಿಗೆ ನಾನು ಪೌಷ್ಟಿಕ ಆಹಾರದ ಪಾಠವನ್ನು ತುಂಬಾ ಚೆನ್ನಾಗಿ ಮಾಡಿದ್ದೇನೆ ಅಂದುಕೊಂಡಿದ್ದೆ.

ನಾನು ಹಾಸನದ ಕಡೆಯವಳು. ಕೊಪ್ಪಳ ಜಿಲ್ಲೆಯ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಮೊದಲ ವರ್ಷ ಗೋಡೆಗೆ ಚಾರ್ಟ್ ತೂಗುಹಾಕಿ ಪ್ರೋಟೀನು, ಕಬ್ಬಿಣ, ಕ್ಯಾಲ್ಸಿಯಂ ಅಂತ ಬಾಯಿಪಾಠ ಮಾಡಿಸಿದ್ದೆ. ಚಾರ್ಟಿನಲ್ಲಿ ಸೇಬು ಇತ್ತು, ಕಿತ್ತಳೆ ಇತ್ತು, ಒಂದು ದೊಡ್ಡ ಗ್ಲಾಸು ಹಾಲಿತ್ತು. ರಾಗಿಯಲ್ಲಿ ಎಷ್ಟು ಕ್ಯಾಲ್ಸಿಯಂ ಇದೆ ಗೊತ್ತಾ ಅಂತ ನಮ್ಮೂರಿನ ಮುದ್ದೆಯ ಗುಣಗಾನ ಮಾಡಿದ್ದೆ. ಹಿಂದಿನ ಬೆಂಚಿನಿಂದ ಒಬ್ಬಳು, “ರಾಗಿ ನಾವು ತಿನ್ನಂಗಿಲ್ರೀ ಮೇಡಂ” ಅಂದಳು. ಅಲ್ಲಿ ಜೋಳ, ಸಜ್ಜೆ. ನನ್ನ ಪಾಠ ಅವರ ಒಲೆಯ ಹತ್ತಿರಕ್ಕೂ ಹೋಗಿರಲಿಲ್ಲ. ಆದರೂ ಪರೀಕ್ಷೆಯಲ್ಲಿ ಎಲ್ಲರಿಗೂ ಒಳ್ಳೆ ಮಾರ್ಕ್ಸ್ ಬಂದವು. ಕಬ್ಬಿಣದ ಕೊರತೆಯಿಂದ ಬರುವ ಕಾಯಿಲೆ ಯಾವುದು ಅಂದರೆ ‘ರಕ್ತಹೀನತೆ’ ಅಂತ ತಪ್ಪಿಲ್ಲದೆ ಬರೆದಿದ್ದರು. ಹಾಗೆ ಬರೆದವರಲ್ಲಿ ಎಷ್ಟು ಜನರ ಕಣ್ಣಿನ ಕೆಳರೆಪ್ಪೆ ಒಳಗೆ ಬಿಳಿಚಿಕೊಂಡಿತ್ತು ಅಂತ ನಾನು ಆಗ ನೋಡಿರಲಿಲ್ಲ.

ನೋಡಲು ಶುರು ಮಾಡಿದ್ದು ಪಕ್ಕದ ಅಂಗನವಾಡಿಯಿಂದ. ಅದು ನಮ್ಮ ಕಾಂಪೌಂಡಿಗೆ ಅಂಟಿಕೊಂಡೇ ಇದೆ. ತಿಂಗಳಿಗೊಮ್ಮೆ ಅಲ್ಲಿ ಮಕ್ಕಳ ತೂಕ, ಎತ್ತರ ಅಳೆಯುತ್ತಾರೆ. ಒಂದು ದಿನ ಕಾರ್ಯಕರ್ತೆ ಸಹಾಯಕ್ಕೆ ಯಾರನ್ನಾದರೂ ಕಳಿಸಿ ಅಂದರು. ಹುಡುಗಿಯರ ಜೊತೆ ನಾನೂ ಹೋದೆ. ಎರಡು ವರ್ಷ ಆಗದ ಮಕ್ಕಳನ್ನು ಹಲಗೆ ಮೇಲೆ ಮಲಗಿಸಿ ಅಳೆಯಬೇಕು, ದೊಡ್ಡವರನ್ನು ಗೋಡೆಗೆ ನಿಲ್ಲಿಸಿ. ಹಿಮ್ಮಡಿ ಗೋಡೆಗೆ ತಾಗಬೇಕು, ಕಣ್ಣು ನೇರ ಇರಬೇಕು. ಹುಡುಗಿಯರು ಅದನ್ನು ಬಹಳ ಶ್ರದ್ಧೆಯಿಂದ ಮಾಡಿದರು.

ಐದು ವರ್ಷ ತುಂಬಿದ ಹುಡುಗಿಯ ಎತ್ತರ ವಿಶ್ವ ಆರೋಗ್ಯ ಸಂಸ್ಥೆಯ ಅಳತೆಯ ಪ್ರಕಾರ 109 ಸೆಂಟಿಮೀಟರ್ ಆಸುಪಾಸು ಇರಬೇಕು. ಎಲ್ಲರೂ ಒಂದೇ ಸಮ ಇರಲ್ಲ, ಸರಿ. ಆದರೆ ಸುಮಾರು ಒಂದು ಮೀಟರಿಗಿಂತ ಕಡಿಮೆ ಇದ್ದರೆ ಅದನ್ನು ಕುಂಠಿತ ಬೆಳವಣಿಗೆ ಅನ್ನುತ್ತಾರೆ. ಅವತ್ತು ಅಳೆದ ಐದು ವರ್ಷದವರಲ್ಲಿ ಇಬ್ಬರು ಹುಡುಗಿಯರು ಆ ಗೆರೆ ಮುಟ್ಟಲಿಲ್ಲ. ಒಬ್ಬಳು ನನ್ನ ವಿದ್ಯಾರ್ಥಿನಿಯ ತಂಗಿ. “ನಮ್ಮ ಮಂದಿ ಎಲ್ಲಾರೂ ಗಿಡ್ಡ ಅದಾರ್ರೀ, ವಂಶ ಹಂಗ ಐತಿ” ಅಂದಳು ಅಕ್ಕ.

ಈ ‘ವಂಶ’ದ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ. ಓದಿದವರೂ ಹೇಳುತ್ತಾರೆ, ಭಾರತದವರೇ ಸ್ವಲ್ಪ ಕುಳ್ಳು ಅಂತ. ಆ ಅಳತೆಪಟ್ಟಿ ಹುಟ್ಟಿದ ಕತೆಯನ್ನು ಅದಕ್ಕೇ ನಾನು ಪ್ರತಿ ವರ್ಷ ಹೇಳುತ್ತೇನೆ. 1997ರಿಂದ 2003ರವರೆಗೆ ಆರು ದೇಶಗಳಲ್ಲಿ ಮಕ್ಕಳನ್ನು ಅಳೆದರು. ಬ್ರೆಜಿಲ್, ಘಾನಾ, ನಾರ್ವೆ, ಒಮಾನ್, ಅಮೆರಿಕ, ಜೊತೆಗೆ ನಮ್ಮ ಭಾರತ. ಭಾರತದ ಮಕ್ಕಳನ್ನು ಆರಿಸಿದ್ದು ದಕ್ಷಿಣ ದೆಹಲಿಯಿಂದ. ಎಲ್ಲರೂ ತಾಯಿಯ ಹಾಲು ಕುಡಿದ, ಹೊಟ್ಟೆ ತುಂಬ ಊಟ ಇದ್ದ, ಕಾಯಿಲೆಗೆ ಔಷಧಿ ಸಿಗುತ್ತಿದ್ದ ಮನೆಗಳ ಮಕ್ಕಳು. ಆರೂ ದೇಶದ ಮಕ್ಕಳು ಹೆಚ್ಚುಕಡಿಮೆ ಒಂದೇ ಥರ ಎತ್ತರ ಬೆಳೆದರು. ಅದರ ಮೇಲೆ 2006ರಲ್ಲಿ ಈ ಪಟ್ಟಿ ಬಂತು. ಅಪ್ಪ ಅಮ್ಮನ ಎತ್ತರ ಲೆಕ್ಕಕ್ಕೆ ಬರುವುದೇ ಇಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಮೊದಲ ಐದು ವರ್ಷದಲ್ಲಿ ಮಗು ಎಷ್ಟು ಬೆಳೆಯುತ್ತದೆ ಅನ್ನುವುದನ್ನು ವಂಶಕ್ಕಿಂತ ಊಟ, ನೀರು, ಕಾಯಿಲೆ ಜಾಸ್ತಿ ತೀರ್ಮಾನ ಮಾಡುತ್ತವೆ. ಪದೇ ಪದೇ ಭೇದಿಯಾಗುವ ಮಗು ಉಂಡರೂ ಮೈಗೆ ಹತ್ತುವುದಿಲ್ಲ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35.4 ಮಂದಿ ಹೀಗೆ ಕುಂಠಿತರಾಗಿದ್ದರು. ಅದಕ್ಕೆ ಮುಂಚಿನ 2015-16ರ ಸುತ್ತಿನಲ್ಲಿ 36.2. ಇಷ್ಟು ವರ್ಷದಲ್ಲಿ ಒಂದು ಪರ್ಸೆಂಟೂ ಇಳಿದಿಲ್ಲ. ನಮ್ಮ ಕಲ್ಯಾಣ ಕರ್ನಾಟಕದಲ್ಲಿ ಇನ್ನೂ ಜಾಸ್ತಿ. ಯಾದಗಿರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು. ಬೆಂಗಳೂರಿನ ಕಂಪನಿಗಳ ಸುದ್ದಿ ಓದುವಾಗ ನನಗೆ ಈ ಲೆಕ್ಕ ನೆನಪಾಗುತ್ತದೆ. ಅದೇ ರಾಜ್ಯ, ಅಲ್ವಾ?

ಬರೀ ಎತ್ತರದ ಮಾತಾಗಿದ್ದರೆ ನಾನು ಇಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಕುಳ್ಳಗಿರುವುದು ದೋಷವೇ ಅಲ್ಲ. ಮೂಳೆ ಬೆಳೆಯದ ಹೊತ್ತಿನಲ್ಲಿ ಮಿದುಳೂ ಬೆಳೆಯಬೇಕಾದಷ್ಟು ಬೆಳೆಯುವುದಿಲ್ಲ, ಕಾಯಿಲೆ ತಡೆಯುವ ಶಕ್ತಿಯೂ ಕಡಿಮೆ ಇರುತ್ತದೆ. ಭಯ ಅದು. ಅದರಲ್ಲೂ ಇದಕ್ಕೆ ಕಾಲಮಿತಿ ಇದೆ. ಹೊಟ್ಟೆಯಲ್ಲಿರುವ ಒಂಬತ್ತು ತಿಂಗಳು, ಆಮೇಲೆ ಎರಡು ವರ್ಷ. ಒಟ್ಟು ಸಾವಿರ ದಿನ. ಆ ಸಾವಿರ ದಿನದಲ್ಲಿ ಕಳೆದುಕೊಂಡದ್ದನ್ನು ಆಮೇಲೆ ಪೂರ್ತಿ ತುಂಬಿಕೊಡುವುದು ಬಹಳ ಕಷ್ಟ.

ಹಾಗಾದರೆ ಹದಿನಾಲ್ಕು ವರ್ಷದ ಹುಡುಗಿಗೂ ಇದಕ್ಕೂ ಏನು ಸಂಬಂಧ? ನಾನು ಬೋರ್ಡಿನ ಮೇಲೆ ಒಂದು ಸುತ್ತು ಬರೆಯುತ್ತೇನೆ. ಕಡಿಮೆ ತೂಕದ, ರಕ್ತ ಕಡಿಮೆ ಇರುವ ಹುಡುಗಿ. ಅವಳಿಗೆ ಬೇಗ ಮದುವೆ. ಮೈ ಇನ್ನೂ ಬೆಳೆಯುತ್ತಿರುವಾಗಲೇ ಬಸುರಿ. ಬಸುರಿಯಾದದ್ದು ಗೊತ್ತಾಗಿ, ಆಶಾ ಕಾರ್ಯಕರ್ತೆ ಹೆಸರು ಬರೆದುಕೊಂಡು, ಮಾತ್ರೆ ಕೈಗೆ ಬರುವ ಹೊತ್ತಿಗೆ ಎರಡು ಮೂರು ತಿಂಗಳು ಕಳೆದಿರುತ್ತದೆ. ಸಾವಿರ ದಿನದಲ್ಲಿ ಅಷ್ಟು ದಿನ ಆಗಲೇ ಹೋಯಿತು. ಹುಡುಗಿಯ ಮೈಗೂ ಊಟ ಬೇಕು, ಒಳಗಿನ ಕೂಸಿಗೂ ಬೇಕು. ಇರುವ ಒಂದು ತಟ್ಟೆಗೆ ಇಬ್ಬರ ಜಗ್ಗಾಟ. ಕೂಸು ಎರಡೂವರೆ ಕೆಜಿಗಿಂತ ಕಡಿಮೆ ಹುಟ್ಟುತ್ತದೆ. ಅದು ಹೆಣ್ಣಾದರೆ, ಅದೂ ಕೊನೆಗೇ ಉಂಡು ಬೆಳೆದರೆ, ಸುತ್ತು ಮತ್ತೆ ಮೊದಲಿನಿಂದ.

ಹತ್ತರಿಂದ ಹತ್ತೊಂಬತ್ತು ವರ್ಷದ ನಡುವೆ ಹುಡುಗಿಯೊಬ್ಬಳು, ಪೂರ್ತಿ ಬೆಳೆದ ಹೆಂಗಸಿನ ತೂಕದ ಹತ್ತಿರ ಹತ್ತಿರ ಅರ್ಧದಷ್ಟನ್ನು ಪಡೆಯುತ್ತಾಳೆ. ಮೈ ನೆರೆದ ಮೇಲೂ ಸ್ವಲ್ಪ ಎತ್ತರ ಬೆಳೆಯುತ್ತಾಳೆ. ಎತ್ತರ ನಿಂತ ಮೇಲೂ ಸೊಂಟದ ಮೂಳೆ ಅಗಲವಾಗುತ್ತಿರುತ್ತದೆ. ‘ದೊಡ್ಡಾಕಿ ಆದಳು’ ಅಂತ ಊರು ತೀರ್ಮಾನ ಮಾಡಿದ ಮೇಲೂ ಅವಳ ಮೂಳೆ ಇನ್ನೂ ಕೆಲಸ ಮಾಡುತ್ತಿರುತ್ತದೆ. ಇದನ್ನು ನಾನು ಹುಡುಗಿಯರಿಗಿಂತ ಅವರ ಅಪ್ಪಂದಿರಿಗೆ ಹೆಚ್ಚು ಸಲ ಹೇಳಿದ್ದೇನೆ.

ನನಗೇ ಆಶ್ಚರ್ಯ ತಂದ ಲೆಕ್ಕ ಇನ್ನೊಂದಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಯಾರಿಗೆ ದಿನಕ್ಕೆ ಏನು ಎಷ್ಟು ಬೇಕು ಅಂತ ಹೊಸ ಪಟ್ಟಿ ಕೊಟ್ಟಿತು. ಅದರಲ್ಲಿ 13ರಿಂದ 15 ವರ್ಷದ ಹುಡುಗನಿಗೆ ದಿನಕ್ಕೆ 22 ಮಿಲಿಗ್ರಾಂ ಕಬ್ಬಿಣ. ಅದೇ ವಯಸ್ಸಿನ ಹುಡುಗಿಗೆ 30. ಮುಟ್ಟಿನಲ್ಲಿ ಪ್ರತಿ ತಿಂಗಳು ರಕ್ತ ಹೋಗುತ್ತದೆ, ಅದು ಮತ್ತೆ ಹುಟ್ಟಬೇಕು. ಅಂದರೆ ಪಲ್ಯ, ಕಾಳು, ಮೊಟ್ಟೆ ಹೆಚ್ಚು ಬೇಕಾದದ್ದು ಅವಳಿಗೆ. ನಮ್ಮ ಮನೆಗಳಲ್ಲಿ ಬಡಿಸುವ ಕೈ ಬೇರೆ ಕಡೆಗೇ ವಾಲುತ್ತದೆ. ಈ ಎರಡು ಅಂಕಿಗಳನ್ನು ಬೋರ್ಡಿನ ಮೇಲೆ ಅಕ್ಕಪಕ್ಕ ಬರೆದ ದಿನ ತರಗತಿ ಸ್ವಲ್ಪ ಹೊತ್ತು ಸುಮ್ಮನಿತ್ತು. ಹುಡುಗರೂ ಇದ್ದರು. ಅವರೂ ಇರಬೇಕು ಅಂತ ನಾನು ಹಟ ಹಿಡಿದಿದ್ದೆ.

ಇನ್ನು ಮಾತ್ರೆಯ ವಿಷಯ. ಹದಿಹರೆಯದವರಿಗೆ ವಾರಕ್ಕೊಂದು ನೀಲಿ ಮಾತ್ರೆ ಕೊಡುತ್ತಾರೆ, ಕಬ್ಬಿಣ ಮತ್ತು ಫೋಲಿಕ್ ಆಮ್ಲದ್ದು. ವರ್ಷಕ್ಕೆ ಎರಡು ಸಲ ಜಂತುಹುಳುವಿನ ಮಾತ್ರೆ. ಒಳ್ಳೆಯ ಯೋಜನೆ, ನಾನು ಅದನ್ನು ಮನಸಾರೆ ಒಪ್ಪುತ್ತೇನೆ. ಆದರೆ ನಾನು ಮೊದಲು ಕೆಲಸ ಮಾಡಿದ ಶಾಲೆಯಲ್ಲಿ ಅದನ್ನು ಸೋಮವಾರ ಪ್ರಾರ್ಥನೆ ಮುಗಿದ ಕೂಡಲೇ ಕೊಟ್ಟುಬಿಡುತ್ತಿದ್ದೆವು. ಕೊಡುವ ಜವಾಬ್ದಾರಿ ನನ್ನದು. ಅರ್ಧ ಹುಡುಗಿಯರು ಬರೀ ಚಹಾ ಕುಡಿದು ಬಂದಿರುತ್ತಾರೆ ಅಂತ ನನಗೆ ಹೊಳೆಯಲಿಲ್ಲ. ಒಂದು ಸೋಮವಾರ ನಾಲ್ಕು ಜನ ವಾಂತಿ ಮಾಡಿಕೊಂಡರು. ಒಬ್ಬಳಿಗೆ ತಲೆ ಸುತ್ತು ಬಂದು ಕೂತುಬಿಟ್ಟಳು. ಸಂಜೆಯ ಹೊತ್ತಿಗೆ ಊರಲ್ಲಿ ಸುದ್ದಿ: ಅದು ಮಕ್ಕಳಾಗದ ಹಾಗೆ ಮಾಡುವ ಗುಳಿಗೆಯಂತೆ.

ಆ ಮಾತನ್ನು ತೊಳೆಯಲು ಎರಡು ವರ್ಷ ಬೇಕಾಯಿತು. ಹುಡುಗಿಯರು ಮಾತ್ರೆಯನ್ನು ಇಸಿದುಕೊಂಡು ಕಿಟಕಿಯಿಂದಾಚೆ ಎಸೆಯುತ್ತಿದ್ದರು. ಮಳೆಗಾಲದಲ್ಲಿ ಗೋಡೆಯ ಹಿಂದೆ ಹುಲ್ಲಿನ ನಡುವೆ ನೀಲಿ ನೀಲಿ ಕಲೆಗಳು. ತಪ್ಪು ಮಾತ್ರೆಯದ್ದಲ್ಲ, ಹುಡುಗಿಯರದ್ದೂ ಅಲ್ಲ. ಊಟ ಆದ ಮೇಲೆ ತಗೋಬೇಕು, ಚಹಾ ಜೊತೆ ತಗೋಬಾರದು, ಮಲ ಕಪ್ಪಾದರೆ ಹೆದರಬಾರದು ಅಂತ ಮೂರು ಮಾತು ನಾನು ಮುಂಚೆಯೇ ಹೇಳಬೇಕಿತ್ತು. ಈಗ ಮಧ್ಯಾಹ್ನ ಊಟ ಮುಗಿಸಿ, ಕೈ ತೊಳೆದು, ನಾನೂ ಅವರ ಜೊತೆ ಸಾಲಿನಲ್ಲಿ ಕೂತು ಮಾತ್ರೆ ನುಂಗಿಸುತ್ತೇನೆ. ಮೊದಲ ಸಲ ತಾಯಂದಿರನ್ನೂ ಕರೆದಿದ್ದೆ.

ಆ ಹಾಳೆಗಳ ದಿನದಿಂದ ನನ್ನ ಪಾಠ ಬದಲಾಯಿತು. ಚಾರ್ಟ್ ತೆಗೆದೆ. ಮನೆಯಲ್ಲಿ ಏನೇನು ಇದೆ ಹೇಳಿ, ಅಷ್ಟರಲ್ಲೇ ಮಾತಾಡೋಣ ಅಂದೆ. ಹುಡುಗಿಯರು ಹೇಳುತ್ತಾ ಹೋದರು, ನಾನು ಬರೆಯುತ್ತಾ ಹೋದೆ. ಜೋಳ, ಸಜ್ಜೆ, ತೊಗರಿ, ಹೆಸರು, ಮಡಿಕೆ ಕಾಳು, ಶೇಂಗಾ, ಅಗಸೆ, ಗುರೆಳ್ಳು. ಪುಂಡಿ ಪಲ್ಯ, ಮೆಂತ್ಯೆ, ರಾಜಗಿರಿ, ಹೊಲದ ಬದುವಿನ ಹಕ್ಕರಕಿ. ಬೇಲಿಯಲ್ಲಿ ನುಗ್ಗೆ, ಅದರ ಸೊಪ್ಪು ಯಾರೂ ತಿನ್ನಲ್ಲ. ಬೋರ್ಡು ತುಂಬಿತು. ಹೊರಗಿನಿಂದ ನಾನು ತಂದುಕೊಡಬೇಕಾದದ್ದು ಬಹಳ ಕಡಿಮೆ ಅಂತ ಅವತ್ತು ಗೊತ್ತಾಯಿತು.

ಶೇಂಗಾವನ್ನೇ ನೋಡಿ. ನೂರು ಗ್ರಾಂ ಶೇಂಗಾದಲ್ಲಿ ಸುಮಾರು 24 ಗ್ರಾಂ ಪ್ರೋಟೀನು. ಬೆಳೆಯುವವರು ಇವರೇ, ಮಾರಿಬಿಡುವವರೂ ಇವರೇ. ಒಣಗಿದ ಕಟಗ ರೊಟ್ಟಿಯ ಮೇಲೆ ಬರೀ ಕೆಂಪು ಖಾರ ಹಚ್ಚಿಕೊಂಡು ಉಣ್ಣುವ ಹುಡುಗಿ, ಅದರ ಬದಲು ಎರಡು ಚಮಚ ಶೇಂಗಾ ಹಿಂಡಿಯೋ ಗುರೆಳ್ಳು ಹಿಂಡಿಯೋ (ಇಲ್ಲಿ ಚಟ್ನಿಪುಡಿಗೆ ಹಿಂಡಿ ಅನ್ನುತ್ತಾರೆ) ಹಾಕಿಕೊಂಡರೆ ಅದು ಬೇರೆಯೇ ಊಟ. ಸಜ್ಜೆಯದ್ದೂ ಹಾಗೇ. ಪಾಲಿಷ್ ಮಾಡಿದ ಅಕ್ಕಿಯ ನೂರು ಗ್ರಾಂನಲ್ಲಿ ಕಬ್ಬಿಣ ಒಂದು ಮಿಲಿಗ್ರಾಂ ಕೂಡ ಇಲ್ಲ. ಜೋಳದಲ್ಲಿ ಸುಮಾರು 4. ಸಜ್ಜೆಯಲ್ಲಿ 6ಕ್ಕಿಂತ ಜಾಸ್ತಿ. ಅದರಲ್ಲಿ ಮೈಗೆ ಹತ್ತುವುದು ಸ್ವಲ್ಪವೇ. ಅದಕ್ಕೇ ನಿಂಬೆಹಣ್ಣು ಹಿಂಡಿಕೊಳ್ಳಿ ಅನ್ನುತ್ತೇನೆ. ಊಟದ ಜೊತೆ ಹುಳಿ ಹಣ್ಣಿದ್ದರೆ ಮೈ ಕಬ್ಬಿಣವನ್ನು ಹೆಚ್ಚು ಹೀರಿಕೊಳ್ಳುತ್ತದೆ. ಚಹಾ ಇದ್ದರೆ ಉಲ್ಟಾ. ಉಂಡ ಕೂಡಲೇ ಚಹಾ ಕುಡಿದರೆ ಸಜ್ಜೆ ರೊಟ್ಟಿಯ ಪುಣ್ಯ ಅರ್ಧ ಹೋದಂತೆ. ಊಟಕ್ಕೂ ಚಹಾಕ್ಕೂ ನಡುವೆ ಒಂದು ಗಂಟೆ ಬಿಡಿ ಅಂದರೆ ಹುಡುಗಿಯರು ಒಪ್ಪುತ್ತಾರೆ. ಚಹಾ ಬಿಡಿ ಅಂದರೆ ಯಾರೂ ಒಪ್ಪುವುದಿಲ್ಲ, ಯಾಕೆಂದರೆ ಬೆಳಗಿನ ಹಸಿವನ್ನು ಅವರು ಕಟ್ಟಿಹಾಕುವುದೇ ಚಹಾದಿಂದ. ಹತ್ತಿ ಬಿಡಿಸುವ ಕಾಲದಲ್ಲಿ ಏಳು ಗಂಟೆಗೆ ಹೊಲದಲ್ಲಿರಬೇಕು, ಆಮೇಲೆ ಶಾಲೆಗೆ ಓಡಿ ಬರಬೇಕು. ರೊಟ್ಟಿ ಬಡಿಯುವಷ್ಟು ಹೊತ್ತು ಎಲ್ಲಿದೆ?

ಅಕ್ಕಿಯನ್ನು ನಾನು ಬೈಯುವುದಿಲ್ಲ. 2013ರಿಂದ ಅನ್ನಭಾಗ್ಯದ ಅಕ್ಕಿ ಬಂದ ಮೇಲೆ ಈ ಊರುಗಳಲ್ಲಿ ಉಪವಾಸ ಮಲಗುವುದು ಕಡಿಮೆಯಾಯಿತು ಅಂತ ಹಿರಿಯರು ಹೇಳುವುದನ್ನು ಕೇಳಿದ್ದೇನೆ. ಹಸಿದು ಬಲ್ಲವರ ಮಾತು ಅದು. ಆದರೆ ಹೊಟ್ಟೆ ತುಂಬುವುದಕ್ಕೂ ಮೈ ತುಂಬುವುದಕ್ಕೂ ವ್ಯತ್ಯಾಸ ಇದೆ. ಅನ್ನದ ಜೊತೆ ಏನು ಅನ್ನುವ ಪ್ರಶ್ನೆ ಹಾಗೇ ಉಳಿದುಕೊಂಡಿದೆ.

ಮೊಟ್ಟೆಯ ಬಗ್ಗೆ ನನ್ನ ಅಭಿಪ್ರಾಯ ಖಡಾಖಂಡಿತ. 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಶಾಲೆಯ ಬಿಸಿಯೂಟಕ್ಕೆ ಮೊಟ್ಟೆ ಸೇರಿಸಿದಾಗ ಕೆಲವು ಮಠಾಧೀಶರು ವಿರೋಧ ಮಾಡಿದರು. ಆಗ ನಮ್ಮದೇ ಜಿಲ್ಲೆಯ ಗಂಗಾವತಿಯ ಶಾಲಾ ಹುಡುಗಿಯೊಬ್ಬಳು ನಮಗೆ ಮೊಟ್ಟೆ ಬೇಕು ಅಂತ ಎದುರು ನಿಂತು ಮಾತಾಡಿದ್ದನ್ನು ರಾಜ್ಯವೇ ಮೊಬೈಲಿನಲ್ಲಿ ನೋಡಿತು. ಒಂದು ಮೊಟ್ಟೆಯಲ್ಲಿ ಆರು ಗ್ರಾಂನಷ್ಟು ಪ್ರೋಟೀನು ಇದೆ. ಅದಕ್ಕಿಂತ ಮುಖ್ಯವಾದದ್ದು ಬೇರೆ. ಮೊಟ್ಟೆಯನ್ನು ಎಣಿಸಬಹುದು. ಸಾರನ್ನು ತೆಳ್ಳಗೆ ಮಾಡಬಹುದು, ಪಲ್ಯವನ್ನು ಅಣ್ಣನಿಗೆ ಜಾಸ್ತಿ ಬಡಿಸಬಹುದು. ಶಾಲೆಯಲ್ಲಿ ಕೈಗೆ ಬಂದ ಮೊಟ್ಟೆ ಇಡಿಯಾಗಿ ಅವಳದ್ದು. 2023ರಲ್ಲಿ ಒಂಬತ್ತು, ಹತ್ತನೇ ತರಗತಿಗೂ ಮೊಟ್ಟೆ ಬಂತು. ತಿನ್ನದವರಿಗೆ ಬಾಳೆಹಣ್ಣು ಇದೆ. ತಿನ್ನುವವರನ್ನು ತಡೆಯುವ ಹಕ್ಕು ಯಾರಿಗೂ ಇಲ್ಲ. ಮೊದಲ ದಿನ ಒಬ್ಬಳು ಅರ್ಧ ತಿಂದು, ಉಳಿದರ್ಧವನ್ನು ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು. ತಮ್ಮನಿಗಂತೆ. ನಾನು ಬೈಯಲಿಲ್ಲ. ಆದರೆ ಮಾರನೇ ದಿನ ಅವಳ ಪಕ್ಕದಲ್ಲೇ ಕೂತು ಊಟ ಮಾಡಿದೆ.

ತಮ್ಮನಿಗೆ ಅಂದಳಲ್ಲ, ಅಲ್ಲೇ ನನಗೆ ಇನ್ನೊಂದು ವಿಷಯ ಕಂಡಿತು. ಹುಡುಗಿಯರಿಗೆ ಪೌಷ್ಟಿಕತೆ ಕಲಿಸುವುದು ಅಂದರೆ ಹತ್ತು ವರ್ಷದ ನಂತರ ಹುಟ್ಟುವ ಮಗುವಿಗೆ ಅಂತ ಎಲ್ಲರೂ ಮಾತಾಡುತ್ತಾರೆ. ಆದರೆ ಈ ಹುಡುಗಿಯರು ಈಗಲೇ ಮಕ್ಕಳನ್ನು ಸಾಕುತ್ತಿದ್ದಾರೆ! ಅವ್ವ ಕೂಲಿಗೆ ಹೋದರೆ ಎಂಟು ತಿಂಗಳ ತಂಗಿಗೆ ಉಣಿಸುವವಳು ಅಕ್ಕ. ಅಕ್ಕನ ಮಗುವಿಗೆ ಉಣಿಸುವವಳು ಚಿಕ್ಕಮ್ಮ, ಅವಳಿಗೂ ಹದಿಮೂರೇ ವರ್ಷ. ಆ ಕೂಸಿಗೆ ಏನು ಉಣಿಸುತ್ತೀರಿ ಅಂತ ಕೇಳಿದೆ. ಬೇಳೆ ಬೇಯಿಸಿದ ಮೇಲಿನ ನೀರು, ಬಿಸ್ಕತ್ತು ಅದ್ದಿದ ಚಹಾ. ಆರು ತಿಂಗಳು ತುಂಬಿದ ಮೇಲೆ ತಾಯಿಯ ಹಾಲೊಂದೇ ಸಾಲುವುದಿಲ್ಲ. ಸಾವಿರ ದಿನದಲ್ಲಿ ಮಕ್ಕಳು ಬಹಳಷ್ಟು ಹಿಂದೆ ಬೀಳುವುದು ಇಲ್ಲೇ.

ಹಾಗಾಗಿ ಒಂದು ಶನಿವಾರ ಶಾಲೆಯ ಅಡುಗೆಮನೆಯಲ್ಲೇ ಪಾಠ ಮಾಡಿದೆವು. ಅಕ್ಕಿ, ಹೆಸರುಬೇಳೆ ಬೇಯಿಸಿ, ಮೆಂತ್ಯೆ ಸೊಪ್ಪು ಹಾಕಿ, ಮಸೆದು, ಎಣ್ಣೆ ಬೆರೆಸಿದೆವು. ಪರೀಕ್ಷೆ ಒಂದೇ: ಚಮಚ ಓರೆ ಮಾಡಿದರೆ ಊಟ ಜಾರಿ ಬೀಳಬಾರದು. ನೀರಾಗಿ ಹರಿದರೆ ಅದರಲ್ಲಿ ನೀರೇ ಜಾಸ್ತಿ, ಕೂಸಿನ ಚಿಕ್ಕ ಹೊಟ್ಟೆ ಅದರಲ್ಲೇ ತುಂಬಿಹೋಗುತ್ತದೆ. ಕೈ ಸೋಪು ಹಚ್ಚಿ ತೊಳೆಯಿರಿ, ದಿನಕ್ಕೆ ಎರಡು ಮೂರು ಸಲ ಉಣಿಸಿ, ಒಂಬತ್ತು ತಿಂಗಳಾದ ಮೇಲೆ ಮೂರು ನಾಲ್ಕು ಸಲ. ಬಾಯಿಪಾಠದ ಪಾಠಕ್ಕೆ ಆಕಳಿಸುತ್ತಿದ್ದವರು ಇವತ್ತು ಚಮಚ ಹಿಡಿದು ಒಬ್ಬರದ್ದೊಬ್ಬರು ಪರೀಕ್ಷೆ ಮಾಡಿದರು. ಇದು ಮುಂದೆ ಯಾವಾಗಲೋ ಬೇಕಾಗುವ ವಿದ್ಯೆಯಲ್ಲ. ಅವತ್ತು ಸಂಜೆಯೇ ಬೇಕಿತ್ತು.

ಇಷ್ಟೆಲ್ಲ ಕಲಿಸಿದರೂ ಒಂದು ಗೋಡೆ ಹಾಗೇ ನಿಂತಿತ್ತು. ಹುಡುಗಿಗೆ ಎಲ್ಲಾ ಗೊತ್ತು. ಆದರೆ ಸೌಟು ಅವಳ ಕೈಯಲ್ಲಿಲ್ಲ.

ತಾಯಂದಿರ ಸಭೆಗೆ ಅಜ್ಜಿಯರನ್ನೂ ಕರೆತನ್ನಿ ಅಂದೆ. ಒಬ್ಬರು ಅಜ್ಜಿ, ಎಪ್ಪತ್ತು ದಾಟಿರಬೇಕು, ಮುಂದೆಯೇ ಕೂತಿದ್ದರು. ನಾನು ಎಲ್ಲರೂ ಒಟ್ಟಿಗೆ ಕೂತು ಉಣ್ಣಬೇಕು ಅಂದ ಕೂಡಲೇ ತಡೆದರು.

“ಅಕ್ಕೋರ, ಗಂಡಸ್ರು ಉಂಡ ಮ್ಯಾಲ ಹೆಣ್ಮಕ್ಳು ಉಣ್ಣೂದು. ನಮ್ಮವ್ವನೂ ಹಂಗ ಉಂಡಾಳ. ನಾನೂ ಹಂಗ ಉಂಡೀನಿ.”

“ಆಗ ನಿಮಗೆ ಹಸಿವು ಆಗ್ತಿರಲಿಲ್ವಾ ಅಜ್ಜಿ?”

ಅಜ್ಜಿ ತಕ್ಷಣ ಉತ್ತರ ಕೊಡಲಿಲ್ಲ. ಸೆರಗನ್ನು ಸರಿ ಮಾಡಿಕೊಂಡರು. ಆಮೇಲೆ, ಚೊಚ್ಚಲ ಬಸುರಿಯಾಗಿದ್ದಾಗ ರಾತ್ರಿ ಹಸಿವು ತಾಳದೆ ಹಿಟ್ಟಿನ ಡಬ್ಬಿಯಿಂದ ಜೋಳದ ಹಿಟ್ಟನ್ನು ಹಾಗೇ ಬಾಯಿಗೆ ಹಾಕಿಕೊಂಡದ್ದನ್ನು ಹೇಳಿದರು. ಅತ್ತೆ ನೋಡಿದರೆ ಅಂತ ಬಾಯಿ ಒರೆಸಿಕೊಂಡರಂತೆ. “ಕೂಸು ದೊಡ್ಡದಾದ್ರ ಹಡಿಯೂದು ತ್ರಾಸ ಆಕ್ಕೈತಿ, ಕಡಿಮಿ ಉಣ್ಣು ಅಂತಿದ್ರು ನಮ್ಮತ್ತಿ.” ಆ ಕೂಸು ಉಳಿಯಲಿಲ್ಲ. ಅದನ್ನು ಹೇಳುವಾಗ ಅವರ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. ಅವರ ಪಕ್ಕದಲ್ಲೇ ಸೊಸೆ ಕೂತಿದ್ದಳು. ಅವಳ ಪಕ್ಕ ಮೊಮ್ಮಗಳು, ನನ್ನ ವಿದ್ಯಾರ್ಥಿನಿ. ಮೂವರಿಗೂ ಆ ಕತೆ ಹೊಸದು ಅಂತ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಹೇಳಿದವರಿಗೂ ಕೂಡ, ಒಂದು ರೀತಿಯಲ್ಲಿ.

ನಾನು ಸಿದ್ಧ ಮಾಡಿಕೊಂಡು ಹೋಗಿದ್ದ ಭಾಷಣ ಅಲ್ಲಿಗೇ ನಿಂತಿತು. ಒಂದು ಸಣ್ಣ ಮಾತು ಕೇಳಿದೆ. ಒಟ್ಟಿಗೆ ಕೂರುವುದು ಆಗದಿದ್ದರೆ ಬೇಡ, ಪಲ್ಯ ಮಾಡಿದ ಕೂಡಲೇ ಹೆಣ್ಣುಮಕ್ಕಳ ಪಾಲನ್ನು ಬೇರೆ ಬಟ್ಟಲಿಗೆ ತೆಗೆದಿಡಿ. ಅಷ್ಟೇ. ಉಣ್ಣುವ ಸರದಿ ಹಾಗೇ ಇರಲಿ, ಪಾಲು ಮಾತ್ರ ಮೊದಲೇ ತೆಗೆದಿರಲಿ. ಇದಕ್ಕೆ ಅಜ್ಜಿಯರು ಒಪ್ಪಿದರು. ಮನೆಯ ಗೌರವಕ್ಕೂ ಧಕ್ಕೆಯಿಲ್ಲ, ಹುಡುಗಿಯ ತಟ್ಟೆಗೂ ಪಲ್ಯ ಬಂತು. ಎಷ್ಟು ಮನೆಗಳಲ್ಲಿ ಇದು ನಡೆಯುತ್ತಿದೆ ಅಂತ ಲೆಕ್ಕ ಹಾಕಲು ಹೋಗಿಲ್ಲ. ಆ ಅಜ್ಜಿಯ ಮನೆಯಲ್ಲಿ ನಡೆಯುತ್ತಿದೆ, ಮೊಮ್ಮಗಳು ಹೇಳಿದಳು. ಬಟ್ಟಲು ಇಡುವವರು ಅಜ್ಜಿಯೇ ಅಂತೆ.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಅಲುಗಾಡಿಸಿದ ಪ್ರಶ್ನೆ ಬಂದದ್ದು ಹತ್ತನೇ ತರಗತಿಯ ಒಬ್ಬಳಿಂದ. ಪೋಷಣ ಮಾಸ ಅಂತ ಸೆಪ್ಟೆಂಬರ್‌ನಲ್ಲಿ ಕಾರ್ಯಕ್ರಮ. ನಾನು ಮೈಕಿನಲ್ಲಿ, ನೀವೆಲ್ಲ ಮುಂದಿನ ತಾಯಂದಿರು, ನೀವು ಚೆನ್ನಾಗಿದ್ದರೆ ನಾಳೆಯ ಮಕ್ಕಳು ಚೆನ್ನಾಗಿರುತ್ತಾರೆ ಅಂತ ಹೇಳಿ ಇಳಿದಿದ್ದೆ. ಕಾರ್ಯಕ್ರಮ ಮುಗಿದ ಮೇಲೆ ಅವಳು ಕುರ್ಚಿ ಜೋಡಿಸುತ್ತಾ ಹತ್ತಿರ ಬಂದಳು.

“ಮೇಡಂರೀ, ನಮಗ ಮಕ್ಕಳಾಗದಿದ್ರ ನಾವು ಉಣ್ಣೋದು ಬ್ಯಾಡೇನ್ರೀ?”

ಜಗಳಕ್ಕೆ ಬಂದ ದನಿ ಅಲ್ಲ. ನಿಜವಾಗಿ ಕೇಳಿದಳು. ನಾನು ನಿಂತಲ್ಲೇ ನಿಂತೆ. ತಮ್ಮನಿಗೆ, ಅಣ್ಣನಿಗೆ, ಅಪ್ಪನಿಗೆ ಬಡಿಸಿ ಉಳಿದದ್ದನ್ನು ಉಣ್ಣು ಅಂತ ಮನೆ ಹೇಳಿದೆ. ಇನ್ನೂ ಹುಟ್ಟದ ಮಗುವಿಗೋಸ್ಕರ ಉಣ್ಣು ಅಂತ ನಾನು ಹೇಳಿದೆ. ಎರಡರಲ್ಲೂ ಅವಳು ಎಲ್ಲಿದ್ದಾಳೆ? ನಾಳೆಯ ಮಗು ಚೆನ್ನಾಗಿರುವುದು ಇವತ್ತಿನ ಹುಡುಗಿ ಚೆನ್ನಾಗಿದ್ದರೆ ಅನ್ನುವುದು ನಿಜ. ಬೋರ್ಡಿನ ಮೇಲಿನ ಆ ಸುತ್ತು ಸುಳ್ಳಲ್ಲ, ಅದನ್ನು ಈಗಲೂ ಬರೆಯುತ್ತೇನೆ. ಆದರೆ ಹದಿನೈದು ವರ್ಷದವಳಿಗೆ ಊಟ ಮಾಡಲು ಕಾರಣ ಹುಡುಕಿ ಕೊಡಬೇಕಾಗಿಲ್ಲ. ಅವಳಿಗೆ ಹಸಿವಾಗುತ್ತದೆ. ಅವಳು ಬೆಳೆಯುತ್ತಿದ್ದಾಳೆ. ಓಡುವಾಗ ಉಸಿರು ಕಟ್ಟಬಾರದು, ಮಧ್ಯಾಹ್ನದ ಗಣಿತದ ಪಿರಿಯಡ್‌ನಲ್ಲಿ ಕಣ್ಣು ಕತ್ತಲೆ ಬರಬಾರದು. ಇಷ್ಟು ಸಾಲದೇ? ಹದಿನೈದರಿಂದ ಹತ್ತೊಂಬತ್ತು ವರ್ಷದ ಹುಡುಗಿಯರಲ್ಲಿ ನಮ್ಮ ರಾಜ್ಯದಲ್ಲಿ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ ಅಂತ ಅದೇ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಅವರು ಯಾರ ತಾಯಿಯೂ ಆಗುವುದಕ್ಕೆ ಮುಂಚೆಯೇ ಸುಸ್ತಾಗಿದ್ದಾರೆ.

“ನಿನಗೆ ಹಸಿವಾಗುತ್ತೆ ಅಂತ ಉಣ್ಣಬೇಕು ಕಣೇ. ನಾನು ಹೇಳಿದ್ದು ಸರಿಯಾಗಿರಲಿಲ್ಲ” ಅಂದೆ. ಅವಳು ತಲೆ ಆಡಿಸಿ ಕುರ್ಚಿ ಎತ್ತಿಕೊಂಡು ಹೋದಳು. ಅಂದಿನಿಂದ ‘ಮುಂದಿನ ತಾಯಂದಿರು’ ಅನ್ನುವ ಮಾತನ್ನು ನಾನು ಬಿಟ್ಟಿದ್ದೇನೆ.

ಎಲ್ಲವೂ ಸರಿಹೋಗಿದೆ ಅಂತ ಹೇಳುವ ಹಾಗಿಲ್ಲ. ದೀಪಾವಳಿ ಕಳೆದ ಮೇಲೆ ಕೆಲವು ಮನೆಗಳು ಗುಳೆ ಹೋಗುತ್ತವೆ, ಬೆಂಗಳೂರಿಗೆ, ಗೋವಾಕ್ಕೆ. ಹುಡುಗಿಯರೂ ಹೋಗುತ್ತಾರೆ. ಅಲ್ಲಿ ತಗಡಿನ ಶೆಡ್ಡಿನಲ್ಲಿ ಬಿಸಿಯೂಟ ಇಲ್ಲ, ನೀಲಿ ಮಾತ್ರೆ ಇಲ್ಲ, ಬದುವಿನ ಸೊಪ್ಪು ಇಲ್ಲ. ತಿರುಗಿ ಬಂದಾಗ ಮುಖ ಸಣ್ಣದಾಗಿರುತ್ತದೆ. ಎಸ್ಸೆಸ್ಸೆಲ್ಸಿ ಮುಗಿದವರದ್ದು ಇನ್ನೊಂದು ಚಿಂತೆ. ಕಾಲೇಜು ದೂರ, ಬಸ್ಸು ಕಡಿಮೆ. ಶಾಲೆ ಬಿಟ್ಟ ದಿನವೇ ಮೊಟ್ಟೆ, ಹಾಲು, ಮಾತ್ರೆ ಎಲ್ಲ ಒಟ್ಟಿಗೆ ನಿಲ್ಲುತ್ತವೆ. ಮೈ ಬೆಳೆಯುವುದು ನಿಂತಿರುವುದಿಲ್ಲ. ಆ ಹಾಳೆ ಬರೆದ ಹುಡುಗಿಗೆ ಹದಿನೇಳಕ್ಕೇ ಮದುವೆ ನಿಶ್ಚಯ ಮಾಡಿದ್ದರು. ನಾನು, ಅಂಗನವಾಡಿ ಕಾರ್ಯಕರ್ತೆ, ಅವಳ ಸೋದರಮಾವ ಮೂವರೂ ಹೋಗಿ ಕೂತು ಮಾತಾಡಿ ಮುಂದೂಡಿಸಿದೆವು. ಈಗ ಪಕ್ಕದ ತಾಲ್ಲೂಕಿನ ಹಾಸ್ಟೆಲ್‌ನಲ್ಲಿದ್ದು ಓದುತ್ತಿದ್ದಾಳೆ. ಫೋನು ಮಾಡಿದಾಗ ಏನು ಉಂಡೆ ಅಂತ ಕೇಳುತ್ತೇನೆ. ಪಲ್ಯದ ಹೆಸರು ಹೇಳುತ್ತಾಳೆ.

ಈ ಜೂನ್‌ನಲ್ಲಿ ಹೊಸ ಒಂಬತ್ತನೇ ತರಗತಿಗೆ ಹಾಳೆ ಬರೆಸಿದೆ. ಈಗ ಅದರಲ್ಲಿ ನಾಲ್ಕು ಕಾಲಂ ಇವೆ. ಏನು ಉಂಡೆ, ಯಾರು ಬಡಿಸಿದರು, ನಿನಗಿಂತ ಮುಂಚೆ ಯಾರು ಉಂಡರು. ನಾಲ್ಕನೆಯದನ್ನು ಈ ವರ್ಷ ಹೊಸದಾಗಿ ಸೇರಿಸಿದೆ: ಅವ್ವ ಏನು ಉಂಡಳು.

ಮೂರು ಕಾಲಂ ಚಕಚಕ ತುಂಬಿದವು. ನಾಲ್ಕನೆಯದಕ್ಕೆ ಬಂದು ಪೆನ್ನುಗಳು ನಿಂತವು. ಕಿಟಕಿಯ ಹತ್ತಿರ ಕೂತಿದ್ದ ಒಬ್ಬಳು ಬಹಳ ಹೊತ್ತು ಹಾಳೆಯನ್ನೇ ನೋಡುತ್ತಿದ್ದಳು.

“ಯಾಕೆ, ನೆನಪಿಲ್ವಾ?”

“ನೆನಪಲ್ರೀ ಮೇಡಂ. ಅವ್ವ ಉಣ್ಣೋದನ್ನ ನಾ ನೋಡೇ ಇಲ್ರೀ.”

ಖಾಲಿ ಬಿಡು ಅಂದೆ. ಅವಳು ಬಿಡಲಿಲ್ಲ. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಕಂಪಾಸ್ ಬಾಕ್ಸಿನೊಳಗೆ ಇಟ್ಟುಕೊಂಡಳು.

“ನಾಳಿಗೆ ಕೊಡ್ತೀನ್ರೀ. ಇವತ್ತು ರಾತ್ರಿ ಎದ್ದು ಕುಂತು ನೋಡ್ತೀನಿ.”